ಮಾರ್ಮನ್ ಚರ್ಚಿನಲ್ಲಿ ಹೆಂಗಸರ ಕೈಯಿಂದ ಹೋದದ್ದೇನು

ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಮಾರ್ಮನ್ ಚರ್ಚಿನ ಸ್ತ್ರೀವಾದಿಗಳು ಪೌರೋಹಿತ್ಯಕ್ಕಾಗಿ, ಅಂದರೆ ಗಂಡಸರಿಗಷ್ಟೇ ಸಿಗುವ ಪಾದ್ರಿ ಪದವಿಗಾಗಿ ಮಾತ್ರ ಜಗಳ ತೆಗೆದಿದ್ದಾರೆಂದು ಹೊರಗಿನವರು ತಿಳಿದಿರುತ್ತಾರೆ. ತಕರಾರಿನ ದೊಡ್ಡ ಪಾಲು ಇರುವುದು ದುಡ್ಡಿನ ಹತೋಟಿ ಮತ್ತು ವಿಚಾರಣೆಯ ಅಧಿಕಾರದಲ್ಲಿ.

1842ರ ಮಾರ್ಚ್ 17ರಂದು ಇಲಿನಾಯ್ ರಾಜ್ಯದ ನಾವೂ ಪಟ್ಟಣದಲ್ಲಿ ಹೆಂಗಸರ ರಿಲೀಫ್ ಸೊಸೈಟಿ ಹುಟ್ಟಿತು. ಪಂಥ ಕಟ್ಟಿದ ಜೋಸೆಫ್ ಸ್ಮಿತ್ ಅವರ ಪತ್ನಿ ಎಮ್ಮಾ ಮೊದಲ ಅಧ್ಯಕ್ಷೆ. ಮುಂದೆ ಯೂಟಾದಲ್ಲಿ ಈ ಸಂಘ ತಾನೇ ಹಣ ಕೂಡಿಸಿತು. 1876ರಿಂದ ಗೋಧಿ ಕೂಡಿಡತೊಡಗಿತು. ಮೊದಲ ಮಹಾಯುದ್ಧದ ಹೊತ್ತಿಗೆ ಆ ದಾಸ್ತಾನಿನಿಂದ ಅಮೆರಿಕ ಸರ್ಕಾರಕ್ಕೆ ಮಾರಾಟವಾದದ್ದೇ 2 ಲಕ್ಷ ಬುಷೆಲ್‌ಗೂ ಹೆಚ್ಚು (ಒಂದು ಬುಷೆಲ್ ಅಂದರೆ ಸುಮಾರು 27 ಕಿಲೊ ಗೋಧಿ). ರೋಗಿಗಳ ತಲೆಯ ಮೇಲೆ ಕೈಯಿಟ್ಟು ಹರಸುವುದೂ ಹೆಂಗಸರ ವಾಡಿಕೆಯಾಗಿತ್ತು. 1896ರಲ್ಲಿ ವೈದ್ಯೆ ಮಾರ್ಥಾ ಹ್ಯೂಸ್ ಕ್ಯಾನನ್ ತಮ್ಮ ಗಂಡನೂ ಇದ್ದ ಕಣದಲ್ಲಿ ಗೆದ್ದು ದೇಶದ ಮೊದಲ ಮಹಿಳಾ ರಾಜ್ಯ ಸೆನೆಟರ್ ಆದರು. ಬಹುಪತ್ನಿತ್ವವಿದ್ದ ಸಮಾಜದಲ್ಲಿ ಇದು ನಡೆಯಿತೆಂಬುದು ಇಂದಿಗೂ ಕೆಲವರಿಗೆ ಅರಗುವುದಿಲ್ಲ.

ಇವೆಲ್ಲ ಒಂದೊಂದಾಗಿ ಜಾರಿದವು. ರೋಗಿಗಳನ್ನು ಹರಸಲು ಪೌರೋಹಿತ್ಯವುಳ್ಳ ಗಂಡಸರನ್ನೇ ಕರೆಯುವುದು ಮೇಲು ಎಂಬ ಪತ್ರ 1946ರಲ್ಲಿ ಬಂತು. 1960ರ ದಶಕದಲ್ಲಿ ಚರ್ಚಿನ ಅಂಗಸಂಸ್ಥೆಗಳನ್ನೆಲ್ಲ ಪೌರೋಹಿತ್ಯದ ಆಡಳಿತದಡಿ ತರುವ ಯೋಜನೆ ಶುರುವಾಯಿತು. 1970 ಮುಗಿಯುವಷ್ಟರಲ್ಲಿ ಸಂಘದ ಸ್ವಂತ ನಿಧಿ ಸಂಗ್ರಹವೂ ಸ್ವಂತ ಪತ್ರಿಕೆಯೂ ನಿಂತವು. ಅಲ್ಲಿಂದೀಚೆಗೆ ವಾರ್ಡಿನ, ಅಂದರೆ ಸ್ಥಳೀಯ ಸಭೆಯ, ಹೆಂಗಸರ ಸಂಘದ ಬಜೆಟ್‌ಗೂ ಆ ಸಭೆಯ ಮುಖ್ಯಸ್ಥರಾದ ಬಿಷಪ್‌ರ ಒಪ್ಪಿಗೆ ಬೇಕು. ನನ್ನ ಮಟ್ಟಿಗೆ ತಿರುವು ಇದೇ: ಗಂಟಿನ ಜೊತೆ ದನಿಯೂ ಹೋಯಿತು.

ಇನ್ನು ಸದಸ್ಯರ ಮೇಲೆ ಚರ್ಚ್ ನಡೆಸುವ ವಿಚಾರಣೆ. ಅಮೆರಿಕದ ಸಂವಿಧಾನಕ್ಕೆ ಹೆಣ್ಣು ಗಂಡಿನ ಸಮಾನ ಹಕ್ಕಿನ ತಿದ್ದುಪಡಿ ತರುವುದನ್ನು ಚರ್ಚ್ 1976ರಲ್ಲಿ ವಿರೋಧಿಸಿತು. ತಿದ್ದುಪಡಿಯ ಪರ ನಿಂತ ಸೋನಿಯಾ ಜಾನ್ಸನ್ 1979ರ ಡಿಸೆಂಬರ್‌ನಲ್ಲಿ ಉಚ್ಚಾಟನೆಗೊಂಡರು. 1993ರ ಸೆಪ್ಟೆಂಬರ್‌ನಲ್ಲಿ ಆರು ಮಂದಿ ಲೇಖಕರು ಮತ್ತು ವಿದ್ವಾಂಸರ ಮೇಲೆ ಶಿಸ್ತುಕ್ರಮವಾಯಿತು. ಅವರಲ್ಲಿ ಮೂವರು ಮಹಿಳೆಯರು. ಪೌರೋಹಿತ್ಯ ಕೇಳಿ ‘ಆರ್ಡೇನ್ ವಿಮೆನ್’ ಕಟ್ಟಿದ ಕೇಟ್ ಕೆಲ್ಲಿ 2014ರ ಜೂನ್‌ನಲ್ಲಿ ಉಚ್ಚಾಟನೆಗೊಂಡರು. ಆಗಿನ ಪದ್ಧತಿಯಲ್ಲೇ ತಾರತಮ್ಯವಿತ್ತು. ಹಿರಿಯ ಪೌರೋಹಿತ್ಯದ ಗಂಡಸನ್ನು ಉಚ್ಚಾಟಿಸುವ ಸಂಭವವಿದ್ದರೆ ಪ್ರಕರಣ ಮೇಲಿನ ಸ್ಟೇಕ್ (ಹಲವು ವಾರ್ಡುಗಳ ಕೂಟ) ಮಂಡಳಿಗೆ ಹೋಗಿ 15 ಮಂದಿಯ ಮುಂದೆ ನಡೆಯುತ್ತಿತ್ತು. ಹೆಂಗಸಿನದ್ದಾದರೆ ಬಿಷಪ್ ಮತ್ತು ಅವರ ಇಬ್ಬರು ಸಲಹೆಗಾರರೇ ಸಾಕು. ಮೂವರೂ ಗಂಡಸರು, ಅದೇ ವಾರ್ಡಿನವರು. ಮೇಲ್ಮನವಿಯನ್ನು ಕೇಳುವವರೂ ಗಂಡಸರೇ.

2020ರ ಕೈಪಿಡಿ ಇದನ್ನು ತಿದ್ದಿತು. ಮಾರ್ಮನ್ನರ ವಿಶೇಷ ವಿಧಿಗಳು ನಡೆಯುವ ದೇವಾಲಯದಲ್ಲಿ ದೀಕ್ಷೆ ಪಡೆದವರ ಸದಸ್ಯತ್ವ ಹೋಗುವ ಸಂಭವವಿದ್ದರೆ ಗಂಡಸಾಗಲಿ ಹೆಂಗಸಾಗಲಿ ಸ್ಟೇಕ್ ಮಟ್ಟದಲ್ಲೇ ವಿಚಾರಣೆ. 2019ರಿಂದ ದೀಕ್ಷಾಸ್ನಾನಕ್ಕೆ ಹೆಂಗಸರೂ ಸಾಕ್ಷಿಯಾಗಬಹುದು. ಮಕ್ಕಳನ್ನು ಬಿಷಪ್ ಒಬ್ಬರೇ ಕೂರಿಸಿಕೊಂಡು ಮಾಡುತ್ತಿದ್ದ ಸಂದರ್ಶನಕ್ಕೆ ಇನ್ನೊಬ್ಬ ಹಿರಿಯರನ್ನು ಕರೆಯಲು 2018ರಲ್ಲಿ ಅವಕಾಶ ಸಿಕ್ಕಿತು, ಆದರೆ ಕೇಳಿದರೆ ಮಾತ್ರ. ಸಂಕೋಚದ ಹುಡುಗಿ ಕೇಳುತ್ತಾಳೆಯೇ ಎಂಬುದೇ ಟೀಕಾಕಾರರ ಪ್ರಶ್ನೆ.

ಭಾರತದ ಮೊದಲ ಮಾರ್ಮನ್ ದೇವಾಲಯ ಬೆಂಗಳೂರಿಗೆಂದು 2018ರಲ್ಲಿ ಘೋಷಣೆಯಾಯಿತು. ಇಲ್ಲಿನ ವಾರ್ಡುಗಳಿಗೂ ಅದೇ ಕೈಪಿಡಿ. ವಿಚಾರಣೆಗೆ ಬಂದಾಕೆ ಬಯಸಿದರೆ ರಿಲೀಫ್ ಸೊಸೈಟಿ ಅಧ್ಯಕ್ಷೆ ಬೆಂಬಲಕ್ಕೆ ಪಕ್ಕದಲ್ಲಿ ಕೂರಬಹುದು. ತೀರ್ಪು ಕೊಡುವವರಲ್ಲಿ ಆಕೆ ಇಲ್ಲ.