ಆಪ್ ಇರೋವಾಗ ನ್ಯಾವ್ ಲಾಗ್ ಕೈಯಲ್ಲೇ ಯಾಕೆ ಬರೀಬೇಕು?

ಪ್ರಶ್ನೆ: "ಸ್ಯಾನ್ ಹೋಸೆಯಲ್ಲಿ ಪ್ರೈವೇಟ್ ಪೈಲಟ್ ಟ್ರೈನಿಂಗ್ ಮಾಡ್ತಿದೀನಿ, ಲಾಂಗ್ ಸೋಲೋ ಕ್ರಾಸ್ ಕಂಟ್ರಿ (ಒಬ್ಬನೇ ಬೇರೆ ಊರುಗಳಿಗೆ ಹಾರಿ ಬರೋದು) ಹತ್ರ ಬಂದಿದೆ. ಟ್ಯಾಬ್ಲೆಟ್‌ನಲ್ಲಿ ಎರಡು ಸಲ ಬೆರಳಿಟ್ರೆ ರೂಟು, ಹೆಡಿಂಗು (ಮೂತಿ ಯಾವ ದಿಕ್ಕಿಗಿರ್ಬೇಕು ಅನ್ನೋದು), ಫ್ಯೂಯೆಲ್ಲು ಎಲ್ಲಾ ಬಂದ್ಬಿಡತ್ತೆ. ಆದ್ರೂ ನಮ್ಮ ಇನ್‌ಸ್ಟ್ರಕ್ಟರ್ ಪೇಪರ್ ಚಾರ್ಟು, ಪ್ಲಾಟರ್ರು (ಡಿಗ್ರಿ, ಮೈಲಿ ಅಳೆಯೋ ಸ್ಕೇಲು) ಇಟ್ಕೊಂಡು ನ್ಯಾವ್ ಲಾಗ್, ಅಂದ್ರೆ ದಾರಿ, ದಿಕ್ಕು, ಟೈಮು, ಫ್ಯೂಯೆಲ್ ಲೆಕ್ಕದ ಹಾಳೆ, ಕೈಯಲ್ಲೇ ಬರ್ಕೊಂಡ್ ಬಾ ಅಂತಾರೆ. ಮೂರು ಗಂಟೆ ಹಿಡಿಯತ್ತೆ. ನಿಜವಾಗ್ಲೂ ಇದು ಬೇಕಾ?"

ಬೇಕು. ಆಪ್ ಬಳಸೋದು ತಪ್ಪಲ್ಲ, ನಾನೂ ಈಗ ದಿನಾ ಬಳಸ್ತೀನಿ. ಆದ್ರೆ ಮೊದಲ ನಾಲ್ಕೈದು ಪ್ಲಾನ್ ಕೈಯಲ್ಲೇ ಆಗ್ಬೇಕು, ಯಾಕಂದ್ರೆ ಆಪ್ ನಿಮಗೆ ಉತ್ತರ ಕೊಡತ್ತೆ, ಆ ಉತ್ತರ ಆಕಾಶದಲ್ಲಿ ತಪ್ಪಾಗ್ತಿದೆ ಅಂತ ಎಷ್ಟು ಬೇಗ ಗೊತ್ತಾಗತ್ತೆ ಅನ್ನೋದು ಮಾತ್ರ ನೀವು ಲೆಕ್ಕ ಹಾಕಿದೀರಾ ಇಲ್ವಾ ಅನ್ನೋದ್ರ ಮೇಲೇ ನಿಂತಿದೆ.

ನಿಮ್ಮೂರಿನ ಉದಾಹರಣೆನೇ ತಗೊಳ್ಳೋಣ. ಲಾಂಗ್ ಸೋಲೋಗೆ ಒಟ್ಟು 150 ನಾಟಿಕಲ್ ಮೈಲು (ಒಂದು ಅಂದ್ರೆ ಸುಮಾರು 1.85 ಕಿ.ಮೀ.) ಆಗ್ಬೇಕು, ಮೂರು ಕಡೆ ಫುಲ್ ಸ್ಟಾಪ್ ಲ್ಯಾಂಡಿಂಗ್ (ಇಳಿದು ಪೂರ್ತಿ ನಿಲ್ಲೋದು) ಬೇಕು, ಒಂದು ಲೆಗ್ಗಾದ್ರೂ (ಒಂದು ಏರ್‌ಪೋರ್ಟಿಂದ ಇನ್ನೊಂದರವರೆಗಿನ ಹಾರಾಟ) ನೇರ ಗೆರೆಯಲ್ಲಿ 50 ಮೈಲಿಗಿಂತ ಜಾಸ್ತಿ ಇರ್ಬೇಕು. ಸ್ಯಾನ್ ಹೋಸೆಯ ಸಣ್ಣ ಏರ್‌ಪೋರ್ಟ್ ರೀಡ್ ಹಿಲ್‌ವ್ಯೂನಿಂದ ಸಲೀನಸ್ ಸುಮಾರು 41 ಮೈಲು, ಅಲ್ಲಿಂದ ಮರ್ಸೆಡ್ 64, ಮರ್ಸೆಡ್‌ನಿಂದ ನೇರ ವಾಪಸ್ 62. ಒಟ್ಟು 167, ನಿಯಮಕ್ಕೆ ಸಾಕಾಯ್ತು. ಈಗ ಆ ಕೊನೇ ಗೆರೆಯನ್ನ ಚಾರ್ಟ್ ಮೇಲೆ ಪೆನ್ಸಿಲ್ಲಲ್ಲಿ ಎಳೀರಿ. ಹತ್ತತ್ರ ಮೌಂಟ್ ಹ್ಯಾಮಿಲ್ಟನ್ ಮೇಲೇ ಹೋಗತ್ತೆ, ಲಿಕ್ ಅಬ್ಸರ್ವೇಟರಿ ಇರೋ ಬೆಟ್ಟ, 4,200 ಅಡಿಗೂ ಜಾಸ್ತಿ. ಪಶ್ಚಿಮಕ್ಕೆ ಹೋಗೋವಾಗ ಹಾರೋ ಎತ್ತರ ಸಮ ಸಾವಿರದ ಮೇಲೆ 500 ಅಡಿ ಇರ್ಬೇಕು, ಅಂದ್ರೆ 4,500 ಇಲ್ಲಾ 6,500. 4,500 ಅಂದ್ರೆ ಬೆಟ್ಟದ ಮೇಲೆ ಮುನ್ನೂರು ಅಡಿನೂ ಇಲ್ಲ, ಅದು ಆಗದ ಮಾತು. 6,500ಕ್ಕೆ ಹೋದ್ರೆ ಬೆಟ್ಟ ದಾಟಿದ್ಮೇಲೆ ಏರ್‌ಪೋರ್ಟಿಗೆ ಬರೀ ಎಂಟೂವರೆ ಮೈಲಿ ಉಳಿಯತ್ತೆ, 90 ನಾಟಲ್ಲಿ (ಗಂಟೆಗೆ 90 ನಾಟಿಕಲ್ ಮೈಲು) ಅದು ಆರು ನಿಮಿಷಕ್ಕೂ ಕಮ್ಮಿ, ಅಷ್ಟರಲ್ಲಿ ಐದು ಸಾವಿರ ಅಡಿಗೂ ಜಾಸ್ತಿ ಇಳೀಬೇಕು, ನಿಮಿಷಕ್ಕೆ 500 ಅಡಿ ಇಳಿದ್ರೆ ಹತ್ತು ನಿಮಿಷ ಬೇಕು, ಪಕ್ಕದಲ್ಲೇ ಸ್ಯಾನ್ ಹೋಸೆ ಇಂಟರ್‌ನ್ಯಾಷನಲ್ಲಿನ ಕ್ಲಾಸ್ ಸಿ (ಕಂಟ್ರೋಲರ್ ಜೊತೆ ಮಾತಾಡದೆ ಒಳಗೆ ಹೋಗೋ ಹಾಗಿಲ್ಲದ ಆಕಾಶ) ಬೇರೆ. ಅದಕ್ಕೇ ನಾನು ಆ ಲೆಗ್ಗನ್ನ ಸ್ಯಾನ್ ಲೂಯಿಸ್ ರೆಸರ್ವಾಯರ್, ಪಚೇಕೊ ಪಾಸ್, ಗಿಲ್‌ರಾಯ್ ಮೇಲೆ ಬಳಸಿಕೊಂಡು ಬರ್ತೀನಿ. ಸುಮಾರು 77 ಮೈಲು ಆಗತ್ತೆ, ಎಂಟೊಂಬತ್ತು ನಿಮಿಷ ಜಾಸ್ತಿ. ಕೆಳಗೆ ಹೈವೇ 152 ಕಾಣ್ತಿರತ್ತೆ, ಇಳಿಯೋಕೆ ಜಾಗಾನೂ ಸಿಗತ್ತೆ. ಆಪ್ ಕೂಡ ಆ ಬೆಟ್ಟಾನ ತೋರ್ಸತ್ತೆ, ಸುಳ್ಳಲ್ಲ. ಆದ್ರೆ ಇಳಿಯೋಕೆ ಎಷ್ಟು ನಿಮಿಷ ಬೇಕು ಅಂತ ಯೋಚ್ನೆ ಬಂದಿದ್ದು ನನಗೆ ಗೆರೆ ಎಳ್ಯೋವಾಗ್ಲೇ.

ಇನ್ನು ಗಾಳಿ. ಸಲೀನಸ್‌ನಿಂದ ಮರ್ಸೆಡ್‌ಗೆ ಟ್ರೂ ಕೋರ್ಸ್ (ನಿಜವಾದ ಉತ್ತರದಿಂದ ಅಳೆದ ದಿಕ್ಕು) 055 ಡಿಗ್ರಿ. ಮೇಲ್ಗಡೆ ಗಾಳಿ 320 ಡಿಗ್ರಿ ದಿಕ್ಕಿಂದ 20 ನಾಟ್ ಅಂತ ಫೋರ್‌ಕಾಸ್ಟ್ ಇದೆ ಅಂದ್ಕೊಳ್ಳಿ, ನಮ್ಮ ಸೆಸ್ನಾ 172 ಹೋಗೋದು 105 ನಾಟ್. ಗಾಳಿ ಎಡಗಡೆಯಿಂದ ಅಡ್ಡಡ್ಡ ಹೊಡೀತಿದೆ, ಮೂತಿ 11 ಡಿಗ್ರಿ ಎಡಕ್ಕೆ ತಿರುಗ್ಸಿದ್ರೆ ಮಾತ್ರ ಗೆರೆ ಮೇಲೆ ಇರ್ತೀರಾ, ಸುಮ್ನೆ ಬಿಟ್ರೆ ಮರ್ಸೆಡ್ ಬರೋಷ್ಟೊತ್ತಿಗೆ 12 ಮೈಲಿ ಬಲಕ್ಕೆ ಹೋಗಿರ್ತೀರಾ. ಆಮೇಲೆ ವೇರಿಯೇಶನ್, ಅಂದ್ರೆ ನಿಜವಾದ ಉತ್ತರಕ್ಕೂ ದಿಕ್ಸೂಚಿ ತೋರ್ಸೋ ಉತ್ತರಕ್ಕೂ ಇರೋ ವ್ಯತ್ಯಾಸ, ಇಲ್ಲಿ ಸುಮಾರು 13 ಡಿಗ್ರಿ ಪೂರ್ವ, ಪೂರ್ವ ಆದ್ರೆ ಕಳೀಬೇಕು. 055ರಲ್ಲಿ ಗಾಳಿಯ 11 ಹೋದ್ರೆ 044, 044ರಲ್ಲಿ 13 ಹೋದ್ರೆ 031, ದಿಕ್ಸೂಚಿಯಲ್ಲಿ ಹಿಡೀಬೇಕಾದ ಹೆಡಿಂಗ್ ಅದು. ಜಕ್ಕೂರ್ ಕಡೆ ಕಲಿತು ಬಂದೋರಿಗೆ ಇದು ಸ್ವಲ್ಪ ತೊಡಕು, ಬೆಂಗಳೂರಲ್ಲಿ ವೇರಿಯೇಶನ್ ಒಂದೆರಡು ಡಿಗ್ರಿ ಅಷ್ಟೇ, ಮರೆತ್ರೂ ನಡೆಯತ್ತೆ, ಇಲ್ಲಿ ನಡೆಯಲ್ಲ.

ನಾನು ಮೊದಲನೇ ಸಲ ಕಳೆಯೋ ಬದಲು ಕೂಡಿಸಿದ್ದೆ. 13ರ ತಪ್ಪಲ್ಲ ಅದು, 26 ಡಿಗ್ರಿ ತಪ್ಪು. ಇನ್‌ಸ್ಟ್ರಕ್ಟರ್ ಹಾಳೆ ನೋಡಿ ಏನೂ ಹೇಳ್ಲಿಲ್ಲ, ಪ್ಲಾಟರ್ ಕೈಗೆ ಕೊಟ್ಟು ನೀನು ಬರ್ದಿರೋ ಹೆಡಿಂಗ್ ಹಿಡ್ಕೊಂಡು ಎಲ್ಲಿಗೆ ಹೋಗ್ತೀಯಾ ಗೆರೆ ಎಳಿ ಅಂದ್ರು. ಎಳೆದೆ. ಗೆರೆ ಮರ್ಸೆಡ್ ಬಿಟ್ಟು ಮಡೇರಾ, ಫ್ರೆಸ್ನೊ ಕಡೆ ಹೋಗ್ತಿತ್ತು. ಕೈ ತಣ್ಣಗಾಯ್ತು. ಅವತ್ತಿಂದ ಇವತ್ತಿನವರೆಗೂ ಆಪ್ ಯಾವ ನಂಬರ್ ಕೊಟ್ರೂ, ಇದು ಸರಿ ಇರೋ ಹಾಗೆ ಕಾಣ್ತಿದೆಯಾ ಅಂತ ಮನಸ್ಸು ಒಂದು ಸಲ ಕೇಳ್ಕೊಳ್ಳತ್ತೆ.

ಲಾಗಲ್ಲಿ ಎಲ್ಲಕ್ಕಿಂತ ಬೆಲೆ ಇರೋ ಕಾಲಮ್ ಅಂದ್ರೆ ಟೈಮ್. ನನ್ನ ಸೋಲೋದಲ್ಲಿ ಹಾಲಿಸ್ಟರ್ ಎಡಕ್ಕೆ ಕಂಡಾಗ ಟೈಮ್ ಬರ್ಕೊಂಡೆ (ಅಲ್ಲಿ ಗ್ಲೈಡರ್‌ಗಳು ಹಾರ್ತಿರ್ತವೆ, ಕಣ್ಣು ಹೊರಗಡೆನೇ ಇರ್ಲಿ). ಅದಾಗಿ ಸ್ವಲ್ಪ ಹೊತ್ತಿಗೆ ಬಿಸಿಲಿಗೆ ಕಾದು ಟ್ಯಾಬ್ಲೆಟ್ ಆಫ್ ಆಯ್ತು. ಹಾಲಿಸ್ಟರ್ ಕಂಡ ಜಾಗದಿಂದ ಲಾಸ್ ಬ್ಯಾನೋಸ್‌ಗೆ 27 ಮೈಲು, 15 ನಿಮಿಷ ಅಂತ ಬರ್ದಿದ್ದೆ. 15 ಆಯ್ತು, 16 ಆಯ್ತು, ಊರು ಮುಂದೆ ಕಾಣ್ತಿದೆ ಆದ್ರೆ ಬಂದಿಲ್ಲ. 18ನೇ ನಿಮಿಷಕ್ಕೆ ರೆಕ್ಕೆ ಕೆಳಗೆ ಬಂತು. ಅಂದ್ರೆ 105 ಅಲ್ಲ, 90 ನಾಟ್. ಗಾಳಿ ತಿರುಗಿ ಉತ್ತರದಿಂದ ಬೀಸ್ತಿತ್ತು. ಮೂರು ನಿಮಿಷ ದೊಡ್ಡ ವಿಷಯ ಅಲ್ಲ, ಆದ್ರೆ ಗಾಳಿ ನಾನು ಅಂದ್ಕೊಂಡ ಹಾಗಿಲ್ಲ ಅನ್ನೋದು ದಾರಿ ಮಧ್ಯದಲ್ಲೇ ಗೊತ್ತಾಯ್ತಲ್ಲ, ಮರ್ಸೆಡ್‌ನಲ್ಲಿ ಇಳಿದು ಟ್ಯಾಂಕಿಗೆ ಕಡ್ಡಿ ಬಿಟ್ಟು ಅಳೆದು, ವಾಪಸ್ ಬರೋ ಎಲ್ಲಾ ಹೆಡಿಂಗೂ ಅಲ್ಲೇ ಕೂತು ಮತ್ತೆ ಹಾಕಿದೆ.

ಫ್ಯೂಯೆಲ್ ಬಗ್ಗೆ ಜಾಸ್ತಿ ಹೇಳಲ್ಲ. ಬಳಸಿಕೊಂಡು ಬಂದ್ರೆ ಒಟ್ಟು 182 ಮೈಲು, ಎರಡು ಗಂಟೆಗೆ ಸ್ವಲ್ಪ ಕಮ್ಮಿ, ಮೂರು ಸಲ ಏರೋದು, ಟ್ಯಾಕ್ಸಿ ಎಲ್ಲಾ ಸೇರಿ 19 ಗ್ಯಾಲನ್ ಹತ್ರ. ಹಗಲಲ್ಲಿ ಕಾನೂನು ಕೇಳೋದು ಅರ್ಧ ಗಂಟೆ ರಿಸರ್ವ್, ನೀವು ಒಂದು ಗಂಟೆ ಇಟ್ಕೊಳ್ಳಿ. ಇನ್ನೊಂದು, ರೀಡ್ ಹಿಲ್‌ವ್ಯೂನಲ್ಲಿ 2022ರ ಜನವರಿ 1ರಿಂದ ಸೀಸ ಇರೋ 100ಎಲ್‌ಎಲ್ ಅನ್ನೋ ವಿಮಾನದ ಪೆಟ್ರೋಲ್ ಮಾರೋದು ನಿಲ್ಲಿಸಿದ್ರು, ನಿಮ್ಮ ವಿಮಾನಕ್ಕೆ ಯಾವುದು ಹಾಕ್ಬಹುದು ಅಂತ ಹೊರಡೋ ಮುಂಚೆನೇ ಕೇಳ್ಕೊಳ್ಳಿ.

ದಿನ ಆರಿಸೋವಾಗ ಊರಿನ ಸ್ವಭಾವ ನೋಡಿ. ಬೇಸಿಗೆ ಬೆಳಿಗ್ಗೆ ಸಲೀನಸ್ ಸಮುದ್ರದ ಮೋಡದ ಅಡಿಯಲ್ಲಿ ಮುಚ್ಕೊಂಡಿರತ್ತೆ, ಬಿಸಿಲೇರಿದ್ಮೇಲೆ ಬಿಡತ್ತೆ. ಚಳಿಗಾಲದಲ್ಲಿ ಮರ್ಸೆಡ್ ಕಡೆ ಟೂಲಿ ಮಂಜು, ಅದು ಕೂತ್ರೆ ಮಧ್ಯಾಹ್ನ ಆದ್ರೂ ಏಳಲ್ಲ. ಸ್ಟೂಡೆಂಟ್‌ಗೆ ಹಗಲಲ್ಲಿ ಕನಿಷ್ಠ 3 ಮೈಲಿ (ನಾಟಿಕಲ್ ಅಲ್ಲ, ಮಾಮೂಲಿ ಮೈಲಿ) ಕಾಣ್ಲೇಬೇಕು, ನೆಲ ಕಾಣದೆ ಹಾರೋ ಹಾಗೇ ಇಲ್ಲ. ಮರ್ಸೆಡ್ ಹತ್ರ ಬಂದಾಗ ಇನ್ನೊಂದು ಎಚ್ಚರ, ಆರೇಳು ಮೈಲಿ ಆಚೆ ಕ್ಯಾಸಲ್ ಇದೆ, ಹಳೇ ಏರ್‌ಫೋರ್ಸ್ ಬೇಸ್, ಅದರ ರನ್‌ವೇನೂ ಹೆಚ್ಚುಕಮ್ಮಿ ಅದೇ ದಿಕ್ಕಿಗಿದೆ, ಆದ್ರೆ ಉದ್ದ ಸುಮಾರು ಎರಡರಷ್ಟು. ತುಂಬಾ ದೊಡ್ಡ ರನ್‌ವೇ ಕಂಡ್ರೆ ಅದು ನಿಮ್ಮದಲ್ಲ, ಅಲ್ಲಿ ಟವರ್ ಇದೆ, ಮರ್ಸೆಡ್‌ನಲ್ಲಿ ಇಲ್ಲ.

ಕೈಯಲ್ಲಿ ಬರ್ದು ಮುಗಿಸಿದ್ಮೇಲೆ ಅದೇ ರೂಟು ಆಪ್‌ನಲ್ಲಿ ಹಾಕಿ ಹೋಲ್ಸಿ ನೋಡಿ. ಎರಡು ಮೂರು ಡಿಗ್ರಿ ಆಚೀಚೆ ಆದ್ರೆ ಚಿಂತೆ ಇಲ್ಲ. 26 ಡಿಗ್ರಿ ಬಂದ್ರೆ ಎಲ್ಲಿ ನೋಡ್ಬೇಕು ಅಂತ ಈಗ ಗೊತ್ತಲ್ಲ. ಲಾಗ್‌ಬುಕ್ ಜೊತೆಗೇ ಇರ್ಲಿ, ಎಂಡಾರ್ಸ್‌ಮೆಂಟ್ (ಇನ್‌ಸ್ಟ್ರಕ್ಟರ್ ಬರ್ದು ಕೊಟ್ಟ ಒಪ್ಪಿಗೆ) ಇರೋದು ಅದರಲ್ಲೇ, ಮತ್ತೆ ಇಳಿದ್ಮೇಲೆ ಫ್ಲೈಟ್ ಪ್ಲಾನ್ ಕ್ಲೋಸ್ ಮಾಡೋದು (ಇಳಿದೆ ಅಂತ ತಿಳಿಸೋದು) ಮರೀಬೇಡಿ, ಹೇಳಿದ ಟೈಮ್ ಮೀರಿ ಅರ್ಧ ಗಂಟೆ ಆದ್ರೆ ನಿಮ್ಮನ್ನ ಹುಡುಕೋಕೆ ಶುರು ಮಾಡ್ತಾರೆ.