ಬಿಗಿಗೊಳಿಸಿದ ನಿಯಮಕ್ಕೆ ಪಕ್ಷ ತಿಳಿಯದು

ಕಾನೂನಿನ ಕರಡನ್ನು ಸಿದ್ಧಪಡಿಸಿ, ಸಹಿ ಸಂಗ್ರಹಿಸಿ, ಶಾಸಕಾಂಗದ ಅನುಗ್ರಹಕ್ಕೆ ಕಾಯದೆ ನೇರವಾಗಿ ಮತದಾರರ ಮುಂದಿಡುವ ಹಕ್ಕು ಅಮೆರಿಕದ ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಇದೆ. ಅಂಥ ಪ್ರಯತ್ನ ನಡೆಸುವ ಸಮಿತಿಗಳಿಗೆ ಸಲಹೆ ನೀಡುವ ವಕೀಲನಾದ ನನ್ನ ಬಳಿಗೆ ಎಡದವರೂ ಬಲದವರೂ ಬರುತ್ತಾರೆ. ಅವರಿಬ್ಬರೂ ತಪ್ಪದೆ ಕೇಳುವ ಪ್ರಶ್ನೆ ಮಾತ್ರ ಒಂದೇ: "ನಮ್ಮದು ಗೆದ್ದ ಮೇಲೆ ಎದುರಿನವರು ಇದೇ ದಾರಿ ಹಿಡಿಯದಂತೆ ನಿಯಮವನ್ನು ಕೊಂಚ ಬಿಗಿ ಮಾಡಿಸಬಹುದೇ, ಸಾರ್?" ಎದುರುಮನೆಯವನು ನೀರು ಸೇದಬಾರದೆಂದು ಊರ ಬಾವಿಯ ಹಗ್ಗವನ್ನೇ ಕತ್ತರಿಸುವ ಆಲೋಚನೆ ಇದು.

ಸಹಿಯ ಸಂಖ್ಯೆ, ಜಿಲ್ಲಾವಾರು ಹಂಚಿಕೆ, ಗೆಲುವಿಗೆ ಬೇಕಾದ ಶೇಕಡಾವಾರು ಮತ ಇವು ಯಾವುದಕ್ಕೂ ವಿಷಯ ಯಾವುದೆಂದು ಗೊತ್ತಿರುವುದಿಲ್ಲ. ಮಿಸಿಸಿಪ್ಪಿಯನ್ನೇ ನೋಡಿ. ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಯಾವುದೇ ಒಂದು ಕ್ಷೇತ್ರದಿಂದ ಬೇಕಾದ ಒಟ್ಟು ಸಹಿಗಳ ಐದನೇ ಒಂದು ಭಾಗಕ್ಕಿಂತ ಹೆಚ್ಚಿನದನ್ನು ಎಣಿಕೆಗೆ ತೆಗೆದುಕೊಳ್ಳಬಾರದು ಎಂದು ಅಲ್ಲಿನ ಸಂವಿಧಾನ ಹೇಳಿತ್ತು. ಅದನ್ನು ಬರೆಯುವಾಗ ಇದ್ದ ಕ್ಷೇತ್ರಗಳು ಐದು. 2000ರ ಜನಗಣತಿಯ ನಂತರ ಉಳಿದದ್ದು ನಾಲ್ಕು. ನಾಲ್ಕು ಇಪ್ಪತ್ತಲಿ ಎಂಬತ್ತು. ಶೇಕಡಾ ನೂರು ಎಂದೂ ತುಂಬದು. 2021ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಈ ಅಕ್ಷರವನ್ನೇ ಎತ್ತಿಹಿಡಿದು, ಮತದಾರರು ಆಗಲೇ ಒಪ್ಪಿದ್ದ ವೈದ್ಯಕೀಯ ಗಾಂಜಾ ಪ್ರಸ್ತಾವವನ್ನು ರದ್ದುಪಡಿಸಿತು. ಅದರೊಂದಿಗೆ ಆ ಹಕ್ಕೇ ನಿಷ್ಕ್ರಿಯವಾಯಿತು. ಮತಗಟ್ಟೆಯಲ್ಲಿ ಗುರುತಿನ ಚೀಟಿ ಕಡ್ಡಾಯವಾಗಬೇಕೆಂದು 2011ರಲ್ಲಿ ಇದೇ ಮಾರ್ಗದಿಂದ ಗೆದ್ದಿದ್ದ ಸಂಪ್ರದಾಯವಾದಿಗಳಿಗೂ ಬಾಗಿಲು ಮುಚ್ಚಿತು.

ಓಹಿಯೋದಲ್ಲಿ 2023ರ ಆಗಸ್ಟ್‌ನಲ್ಲಿ ಶಾಸಕರು ಸಂವಿಧಾನ ತಿದ್ದುಪಡಿಗೆ ಶೇಕಡಾ 60 ಮತ ಬೇಕೆಂದೂ, 44 ಕೌಂಟಿಗಳ (ಜಿಲ್ಲೆಗಳ) ಬದಲು ಎಲ್ಲ 88ರಲ್ಲಿಯೂ ನಿಗದಿತ ಪ್ರಮಾಣದ ಸಹಿ ತರಬೇಕೆಂದೂ ಕೇಳಿದರು. ಹಾಗೆ ಕೇಳಿದ ಅವರ ಪ್ರಸ್ತಾವಕ್ಕೆ ಮಾತ್ರ ಸರಳ ಬಹುಮತವೇ ಸಾಕಾಗಿತ್ತು! ಜನ ಅದನ್ನು ಸೋಲಿಸಿದರು. ನವೆಂಬರ್‌ನಲ್ಲಿ ಮತಕ್ಕೆ ಬರಲಿದ್ದ ಗರ್ಭಪಾತದ ಹಕ್ಕಿನ ಪ್ರಸ್ತಾವವೇ ಅದರ ಗುರಿಯೆಂದು ಎಲ್ಲರೂ ಮಾತಾಡಿದರು. ಆದರೆ ಅದು ಗೆದ್ದಿದ್ದರೆ ಬಂದೂಕಿನ ಹಕ್ಕಿನವರೂ ತೆರಿಗೆ ವಿರೋಧಿಗಳೂ ಅದೇ 88 ಕೌಂಟಿಗಳನ್ನು ಸುತ್ತಬೇಕಾಗುತ್ತಿತ್ತು.

ಈಗಿರುವ ಮಿತಿಯೇನೂ ಸಲೀಸಲ್ಲ. ಕ್ಯಾಲಿಫೋರ್ನಿಯಾದಲ್ಲಿ 2024ರ ಚುನಾವಣೆಗೆ ಸಾಮಾನ್ಯ ಕಾನೂನಿಗೆ 5,46,651, ಸಂವಿಧಾನ ತಿದ್ದುಪಡಿಗೆ 8,74,641 ಸಿಂಧು ಸಹಿಗಳು ಬೇಕಿದ್ದವು. ಅವಧಿ 180 ದಿನ. ಸಹಿ ಹಾಕುವವರು ಹೆಸರು, ವಿಳಾಸಗಳನ್ನೂ ಸ್ವಹಸ್ತದಲ್ಲೇ ಬರೆಯಬೇಕು. ಸಂತೆಯಲ್ಲಿ ಮೇಜು ಹಾಕಿ ಕೂತಿದ್ದ ಒಬ್ಬ ನಿವೃತ್ತ ಶಿಕ್ಷಕಿ ತಂದ ಹಾಳೆಯೊಂದರಲ್ಲಿ, ಸಾಲು ಸಾಲಾಗಿ ಗಂಡಂದಿರು ಹೆಂಡತಿಯರ ವಿವರವನ್ನು ತಮ್ಮ ದುಂಡಗಿನ ಅಕ್ಷರದಲ್ಲಿ ತುಂಬಿ, ಸಹಿಗೆ ಮಾತ್ರ ಅವರ ಕೈಗೆ ಪೆನ್ನು ಕೊಟ್ಟಿದ್ದರು. ಪಾಪ, ಆಕೆ ಎರಡು ಬಣ್ಣದ ಪೆನ್ನು ಇಟ್ಟು ಎಷ್ಟು ಅಚ್ಚುಕಟ್ಟಾಗಿ ದಿನಾಂಕ ಹಾಕಿದ್ದರು! ಆ ಸಾಲುಗಳನ್ನು ಲೆಕ್ಕದಿಂದ ಬಿಡುವಂತೆ ಹೇಳದೆ ಗತ್ಯಂತರವಿರಲಿಲ್ಲ.

ಹಾಗೆಂದು ಸುಧಾರಣೆಯೆಲ್ಲವೂ ಸಂಚು ಎಂದು ನಾನು ಹೇಳಲಾರೆ. ಹಣ ಹೂಡಿದವರ ಹೆಸರನ್ನು ಸಹಿ ಹಾಕುವವರಿಗೆ ತೋರಿಸಬೇಕೆಂಬ ನಿಯಮ ಎಲ್ಲರಿಗೂ ಸಮನಾಗಿ ಅನ್ವಯಿಸುತ್ತದೆ, ಯಾರ ದಾರಿಯನ್ನೂ ಕಟ್ಟುವುದಿಲ್ಲ. ಸಹಿಗಿಷ್ಟು ಎಂದು ಕೂಲಿ ಕೊಡುವುದನ್ನು ಆರೆಗನ್ 2002ರಲ್ಲಿ ನಿಷೇಧಿಸಿತು. ಸಂಬಳದ ಸಹಿ ಸಂಗ್ರಾಹಕರನ್ನೇ ನಿಷೇಧಿಸಿದ್ದ ಕೊಲರಾಡೋದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1988ರಲ್ಲೇ ಹೊಡೆದುಹಾಕಿತ್ತು. ಈ ಎರಡರ ನಡುವೆ ಗೆರೆ ಎಲ್ಲಿ ಎಳೆಯಬೇಕೆಂಬುದು ಆಯಾ ರಾಜ್ಯದ ಕಾನೂನನ್ನೂ ಸಾಕ್ಷ್ಯವನ್ನೂ ನೋಡಿಯೇ ಹೇಳಬೇಕಾದದ್ದು. ಫೋನಿನಲ್ಲಿ ಕೇಳಿದರೆ ನಾನು ಉತ್ತರಿಸುವುದಿಲ್ಲ.