ಓಟಿಗೆ ಮುಂಚೆ ಇಳಿಕೆ, ಓಟಾದ ಮೇಲೆ ಏರಿಕೆ

2024ರ ಮಾರ್ಚ್ 15ಕ್ಕೆ ಪೆಟ್ರೋಲ್, ಡೀಸೆಲ್ ದರ ಲೀಟರಿಗೆ 2 ರೂಪಾಯಿ ಇಳಿಯಿತು. ಮರುದಿನವೇ ಲೋಕಸಭಾ ಚುನಾವಣೆಯ ದಿನಾಂಕ ಪ್ರಕಟವಾಯಿತು. ಜೂನ್ 4ಕ್ಕೆ ಫಲಿತಾಂಶ ಬಂತು. ಜೂನ್ 15ಕ್ಕೆ ನಮ್ಮ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಡೀಸೆಲ್ ಮೇಲಿನದು ಶೇ 14.34ರಿಂದ ಶೇ 18.44ಕ್ಕೆ ಹೋಯಿತು. ಇಳಿಸಿದ್ದು ಕೇಂದ್ರದ ತೈಲ ಕಂಪನಿಗಳು, ಏರಿಸಿದ್ದು ರಾಜ್ಯ ಸರ್ಕಾರ. ಅಲ್ಲಿ ಒಂದು ಪಕ್ಷ, ಇಲ್ಲಿ ಇನ್ನೊಂದು ಪಕ್ಷ. ಕ್ಯಾಲೆಂಡರ್ ಮಾತ್ರ ಇಬ್ಬರದೂ ಒಂದೇ.

ನಾನು ಕಲಬುರಗಿಯಲ್ಲಿ ತೆರಿಗೆ ಲೆಕ್ಕ ನೋಡುವವನು. ಗಂಜ್ ಅಂದರೆ ಕೃಷಿ ಮಾರುಕಟ್ಟೆಯ ಅಡತ್ (ಕಮಿಷನ್) ಅಂಗಡಿಗಳು, ದಾಲ್ ಮಿಲ್‌ಗಳು, ಕಿರಾಣಿ ಅಂಗಡಿಯವರು, ಪಗಾರದವರು ನನ್ನ ಹತ್ತಿರ ಬರುತ್ತಾರೆ. ಮತ ಹಾಕುವಾಗ ನಾನು ಹಳೆ ಪದ್ಧತಿಯವನು. ಬಲಕ್ಕೆ ವಾಲಿದವನು ಅಂತ ಗೆಳೆಯರು ಅಂತಾರೆ, ಅಲ್ಲ ಅನ್ನುವುದಿಲ್ಲ. ಸರ್ಕಾರ ತನ್ನ ಆದಾಯದೊಳಗೆ ಬದುಕಬೇಕು. ತೆರಿಗೆ ಕಡಿಮೆ ಇರಬೇಕು, ಆದರೆ ಎಲ್ಲರೂ ಕಟ್ಟಬೇಕು. ಕಾನೂನು ಪದೇ ಪದೇ ಬದಲಾಗಬಾರದು. ದುಡಿಯುವವನು ಬೆಳೆದರೆ ಅವನಿಗೆ ಶಿಕ್ಷೆ ಆಗಬಾರದು. ನನ್ನ ರಾಜಕೀಯ ಇಷ್ಟೇ. ಈ ಅಳತೆಗೋಲು ಹಿಡಿದರೆ ನಾನು ಓಟು ಹಾಕಿದ ಪಕ್ಷವೂ ಬಹಳ ಸಲ ಗಿಡ್ಡವಾಗಿ ಕಾಣುತ್ತದೆ, ಅದನ್ನೂ ಹೇಳಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಆಫೀಸಿಗೆ ಬರುವ ಬಹಳ ಮಂದಿ “ನಾವೆಲ್ಲಿ ಟ್ಯಾಕ್ಸ್ ಕಟ್ತೀವ್ರಿ ಸಾಹೇಬ್ರ, ಅದೆಲ್ಲ ದೊಡ್ಡ ಮಂದಿದು” ಅಂತಾರೆ. ದಾಲ್ ಮಿಲ್‌ನಲ್ಲಿ ಬೇಳೆ ಹಸನು ಮಾಡುವ ಹೆಣ್ಣುಮಗಳೊಬ್ಬರು ಪ್ಯಾನ್ ಕಾರ್ಡ್ ಕೆಲಸಕ್ಕೆ ಬಂದಾಗ ಇದೇ ಮಾತು ಹೇಳಿದರು. ಅವರ ಕೈಯಲ್ಲಿ ಮೊಬೈಲ್ ಇತ್ತು. 299 ರೂಪಾಯಿಯ ರೀಚಾರ್ಜ್ ಹಾಕಿಸಿದ್ದರು. ಅದಕ್ಕೆ ಶೇ 18 ಜಿಎಸ್‌ಟಿ. ಅಂದರೆ 299ರಲ್ಲಿ ಸುಮಾರು 46 ರೂಪಾಯಿ ತೆರಿಗೆ. ಕ್ಯಾಲ್ಕ್ಯುಲೇಟರ್ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಅವರು ಎರಡು ಸಲ ನೋಡಿದರು. “ಇದು ಸರ್ಕಾರಕ್ಕ ಹೋಗ್ತದೇನ್ರಿ?” ಅಂತ ಕೇಳಿದರು. ಹೌದು, ಹೋಗುತ್ತದೆ. ಅವರ ಗಂಡ ಬೈಕಿಗೆ 100 ರೂಪಾಯಿ ಪೆಟ್ರೋಲ್ ಹಾಕಿಸಿದರೆ, ಶೇ 29.84ರ ದರದಲ್ಲಿ ಅದರಲ್ಲಿ ಸುಮಾರು 23 ರೂಪಾಯಿ ರಾಜ್ಯದ ಮಾರಾಟ ತೆರಿಗೆ. ಕೇಂದ್ರದ ಅಬಕಾರಿ ಸುಂಕ ಬೇರೆ. ಸಂಜೆ ಒಂದು ಕ್ವಾರ್ಟರ್ ಕುಡಿದರೆ ಅದರ ಲೆಕ್ಕ ಇನ್ನೂ ಜಾಸ್ತಿ. 2025-26ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಮದ್ಯದ ಅಬಕಾರಿಯಿಂದಲೇ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡಿತ್ತು. ಅದನ್ನು ತುಂಬುವವರಲ್ಲಿ ಕೂಲಿ ಮಾಡುವ ಮಂದಿಯೂ ಇದ್ದಾರೆ.

2025ರ ಕೇಂದ್ರ ಬಜೆಟ್ ಆದ ಮೇಲೆ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಒಳ್ಳೆಯ ಕೆಲಸ, ನಾನು ಮನಸಾರೆ ಒಪ್ಪುತ್ತೇನೆ. ಆದರೆ ಇದರಿಂದ ಇನ್ನಷ್ಟು ಮಂದಿಗೆ ‘ನಾನು ತೆರಿಗೆದಾರ ಅಲ್ಲ’ ಅನ್ನಿಸತೊಡಗಿದೆ. ತೆರಿಗೆ ಕಟ್ಟುತ್ತಿದ್ದೇನೆ ಅಂತ ಗೊತ್ತಿಲ್ಲದವನು ಲೆಕ್ಕ ಕೇಳುವುದಿಲ್ಲ. ಲೆಕ್ಕ ಕೇಳದವನಿಗೆ ಏನು ಬೇಕಾದರೂ ಭರವಸೆ ಕೊಡಬಹುದು.

ಈಗ ರಾಜ್ಯದ ಲೆಕ್ಕ ನೋಡೋಣ. 2025-26ರ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ 1.16 ಲಕ್ಷ ಕೋಟಿ ಸಾಲ. ಅಂದರೆ 100 ರೂಪಾಯಿ ಖರ್ಚಿನಲ್ಲಿ ಸುಮಾರು 28 ರೂಪಾಯಿ ಸಾಲದ್ದು. ಐದು ಗ್ಯಾರಂಟಿಗಳಿಗೆ 51,034 ಕೋಟಿ. ರಾಜಸ್ವ ಕೊರತೆ 19,262 ಕೋಟಿ. ಈ ಕೊನೆಯ ಅಂಕಿಯನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ, ಆದರೆ ನನಗೆ ಹೆಚ್ಚು ಚಿಂತೆ ಆಗುವುದು ಇದರದೇ. ಕಾಲುವೆ ಕಟ್ಟಲು, ರಸ್ತೆ ಮಾಡಲು ಸಾಲ ತಂದರೆ ಮುಂದೆ ಅದರಿಂದ ಆದಾಯ ಹುಟ್ಟೀತು. ರಾಜಸ್ವ ಕೊರತೆ ಅಂದರೆ ಪಗಾರ, ಪಿಂಚಣಿ, ಬಡ್ಡಿ, ಸಹಾಯಧನದಂಥ ನಿತ್ಯದ ಖರ್ಚಿಗೇ ಸಾಲ ತರುತ್ತಿದ್ದೇವೆ ಎಂದು. ಕಿರಾಣಿ ಉದ್ರಿ ತೀರಿಸಲು ಹೊಲ ಅಡವಿಟ್ಟ ಹಾಗೆ. ಒಟ್ಟು ಸಾಲ, ವಿತ್ತೀಯ ಕೊರತೆ ಎರಡೂ ಕಾಯ್ದೆಯ ಮಿತಿಯೊಳಗೇ ಇವೆ ಅಂತ ಸರ್ಕಾರ ಹೇಳುತ್ತದೆ. ಅದು ನಿಜ. ಆದರೆ ಸಾಲ, ಕೊರತೆಗೆ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದು. ಎಷ್ಟೋ ವರ್ಷ ರಾಜಸ್ವ ಉಳಿತಾಯ ತೋರಿಸಿದ್ದೆವು. ಅಂಥ ರಾಜ್ಯ ಮಿತಿಯ ಅಂಚಿಗೆ ಬಂದು ನಿಂತು ‘ಇನ್ನೂ ಒಳಗೇ ಇದ್ದೇವೆ’ ಅನ್ನಬಾರದಿತ್ತು.

ಗೃಹಲಕ್ಷ್ಮಿಯ 2,000 ರೂಪಾಯಿ ತೆಗೆದುಕೊಳ್ಳುವ ತಾಯಂದಿರ ಮೇಲೆ ನನ್ನ ತಕರಾರಿಲ್ಲ. ಮಗಳ ಫೀಸು, ಗಂಡನ ಗುಳಿಗೆ, ಸ್ವಸಹಾಯ ಸಂಘದ ಕಂತು ಇದರಲ್ಲೇ ಸಾಗುತ್ತಿರುವುದನ್ನು ಕಣ್ಣಾರೆ ನೋಡುತ್ತೇನೆ. ನನ್ನ ತಕರಾರು ಯೋಜನೆಯ ಹೊಲಿಗೆಯ ಬಗ್ಗೆ. ಹೆಂಡತಿಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುತ್ತಿದ್ದರೆ, ಜಿಎಸ್‌ಟಿ ರಿಟರ್ನ್ ಹಾಕುತ್ತಿದ್ದರೆ ಗೃಹಲಕ್ಷ್ಮಿ ಸಿಗುವುದಿಲ್ಲ. ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ನನ್ನ ಆಫೀಸಿನಲ್ಲಿ ಅದರ ಪರಿಣಾಮ ಬೇರೆ. ಸಣ್ಣ ವ್ಯಾಪಾರಿಗಳು ಬಂದು “ನನ್ ಜಿಎಸ್‌ಟಿ ನಂಬರ್ ರದ್ದು ಮಾಡಿಸ್ರಿ, ಮನ್ಯಾಗಿನಾಕಿಗಿ ರೊಕ್ಕ ಬಂದ್ ಆಗ್ಯಾದ” ಅಂತಾರೆ. ಹಾರ್ಡ್‌ವೇರ್ ಅಂಗಡಿ ಇಟ್ಟವನು, ಎರಡು ಟಂಟಂ ಓಡಿಸುವವನು. ನಾನು ಅವರನ್ನು ಕೂರಿಸಿ ಹೇಳುತ್ತೇನೆ. ನಂಬರ್ ಹೋದರೆ ದೊಡ್ಡ ಗಿರಾಕಿ ಮಾಲು ತಗೊಳ್ಳಲ್ಲ, ಮಾಲು ಖರೀದಿಸುವಾಗ ಕಟ್ಟಿದ ತೆರಿಗೆ ವಜಾ ಆಗಲ್ಲ, ನಾಳೆ ಬ್ಯಾಂಕ್ ಸಾಲಕ್ಕೆ ಕಾಗದ ಇರಲ್ಲ. ಕೆಲವರು ಕೇಳುತ್ತಾರೆ, ಕೆಲವರು ಕೇಳುವುದಿಲ್ಲ. ವರ್ಷಕ್ಕೆ 24,000 ರೂಪಾಯಿಗಾಗಿ ಒಬ್ಬ ಮನುಷ್ಯ ತನ್ನ ವ್ಯಾಪಾರವನ್ನು ಸಣ್ಣದಾಗಿಯೇ ಇಟ್ಟುಕೊಳ್ಳಬೇಕು ಅಂದರೆ ಆ ಯೋಜನೆಯಲ್ಲಿ ಎಲ್ಲೋ ದೋಷವಿದೆ. ಹಿಂದುಳಿದ ನಮ್ಮ ಭಾಗಕ್ಕೆ ಬೇಕಾದ್ದು ಬೆಳೆಯುವ ಅಂಗಡಿಗಳು.

ಗೃಹಜ್ಯೋತಿಯನ್ನು 2023ರ ಆಗಸ್ಟ್ 5ರಂದು ಉದ್ಘಾಟಿಸಿದ್ದು ನಮ್ಮ ಕಲಬುರಗಿಯಲ್ಲೇ. ಮನೆಗೆ 200 ಯೂನಿಟ್‌ವರೆಗೆ ಉಚಿತ. ವಿದ್ಯುತ್ ಸಿಬ್ಬಂದಿಯ ಪಿಂಚಣಿ ಬಾಬ್ತು ಅಂತ 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆ ಹೆಚ್ಚುವರಿ ಬಂತು. ಬಿಲ್ ಕಟ್ಟುವ ದಾಲ್ ಮಿಲ್ ಅದನ್ನು ಬೇಳೆಯ ದರದಲ್ಲಿ ಹಾಕುತ್ತದೆ. ಬೇರೆ ದಾರಿ ಅದಕ್ಕಿಲ್ಲ.

ನನ್ನ ಕಡೆಯವರು ಇಲ್ಲಿ ಚಪ್ಪಾಳೆ ಹೊಡೆಯಬಾರದು. ಉಚಿತದ ರಾಜಕಾರಣ ದೇಶಕ್ಕೆ ಕೆಟ್ಟದ್ದು ಅಂತ 2022ರಲ್ಲಿ ಹೇಳಿದವರ ಮೈತ್ರಿ ಸರ್ಕಾರವೇ 2024ರಲ್ಲಿ ಪಕ್ಕದ ಮಹಾರಾಷ್ಟ್ರದಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿ ಶುರು ಮಾಡಿತು. ಕೆಲವೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ ನಡೆಯಿತು. 2025ರಲ್ಲಿ ಬಿಹಾರದಲ್ಲಿ ಚುನಾವಣೆಗೆ ಸ್ವಲ್ಪ ಮುಂಚೆ ಹೆಣ್ಣುಮಕ್ಕಳ ಖಾತೆಗೆ 10,000 ರೂಪಾಯಿ ಬಿತ್ತು. ಗಡಿಯಾಚೆ ಮಹಾರಾಷ್ಟ್ರದ ಅಕ್ಕಲಕೋಟೆಯಲ್ಲಿ ಸರಿಯಾದದ್ದು ನಮ್ಮ ಆಳಂದದಲ್ಲಿ ತಪ್ಪಾಗುವುದು ಹೇಗೆ?

ನಮ್ಮ ಭಾಗಕ್ಕೆ ಎಲ್ಲಕ್ಕಿಂತ ದೊಡ್ಡ ತೆರಿಗೆ ನಿರ್ಧಾರ ಯಾವುದು ಅಂತ ಕೇಳಿದರೆ ಜನ ಜಿಎಸ್‌ಟಿ ಅನ್ನುತ್ತಾರೆ. ನನ್ನ ಪ್ರಕಾರ ಅದು ತೊಗರಿಯ ಆಮದು ಸುಂಕ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ರೈತ ತೆರಿಗೆಯ ಸುದ್ದಿ ಬಂದರೆ ಟಿವಿ ಚಾನೆಲ್ ಬದಲಿಸುತ್ತಾನೆ. ಆದರೆ ಅವನ ಕ್ವಿಂಟಲ್ ಬೆಲೆ ಆ ಸುದ್ದಿಯಲ್ಲೇ ಇರುತ್ತದೆ. 2021ರ ಮೇ ತಿಂಗಳಲ್ಲಿ ತೊಗರಿ ಆಮದನ್ನು ಮುಕ್ತ ಮಾಡಿದರು. 2023ರ ಮಾರ್ಚ್‌ನಲ್ಲಿ ಇಡೀ ತೊಗರಿಯ ಮೇಲಿದ್ದ ಮೂಲ ಕಸ್ಟಮ್ಸ್ ಸುಂಕ ತೆಗೆದರು. ಆಮೇಲೆ ವರ್ಷ ವರ್ಷ ವಿಸ್ತರಣೆ ಆಗುತ್ತಾ 2026ರ ಮಾರ್ಚ್‌ವರೆಗೆ ಬಂತು. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾದ ಮಾಲು ಬಂದರಿಗೆ ಬಂದು ಇಳಿಯಿತು. 2024ರಲ್ಲಿ ಕ್ವಿಂಟಲ್‌ಗೆ 10,000 ದಾಟಿದ್ದ ತೊಗರಿ, ಮುಂದಿನ ಹೊಸ ಮಾಲು ಗಂಜ್‌ಗೆ ಬರುವ ಹೊತ್ತಿಗೆ ಬೆಂಬಲ ಬೆಲೆಯಾದ 7,550ರ ಆಸುಪಾಸಿಗೆ, ಅದಕ್ಕೂ ಕೆಳಕ್ಕೆ ಕುಸಿಯಿತು. ರಾಜ್ಯ ಸರ್ಕಾರ 450 ರೂಪಾಯಿ ಪ್ರೋತ್ಸಾಹಧನ ಸೇರಿಸಿ 8,000 ಮಾಡಿತು. ಒಂದು ಸರ್ಕಾರ ಸುಂಕ ಬಿಟ್ಟು ಬೆಲೆ ಇಳಿಸುತ್ತದೆ, ಇನ್ನೊಂದು ಸರ್ಕಾರ ತೆರಿಗೆ ಹಣದಿಂದ ಬೆಲೆ ಎತ್ತುತ್ತದೆ.

ಪಟ್ಟಣದವನಿಗೆ ಬೇಳೆ ಅಗ್ಗ ಸಿಗಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸುಂಕ ಇರಲಿ, ಇಲ್ಲದಿರಲಿ. ಆದರೆ ಬಿತ್ತನೆಗೆ ಮುಂಚೆ ಹೇಳಿ, ಮೂರು ವರ್ಷಕ್ಕೆ ಅಂತ ಹೇಳಿ, ನಡುವೆ ಕೈ ಹಾಕಬೇಡಿ. ಚಿತ್ತಾಪುರದ, ಸೇಡಂನ ರೈತ ಜೂನ್‌ನಲ್ಲಿ ಬಿತ್ತಿ ಜನವರಿಯಲ್ಲಿ ಮಾರುತ್ತಾನೆ. ಆ ನಡುವೆ ದೆಹಲಿಯಲ್ಲಿ ಒಂದು ಅಧಿಸೂಚನೆ ಹೊರಟರೆ ಅವನ ವರ್ಷವೇ ಹೋಗುತ್ತದೆ. ಭೌಗೋಳಿಕ ಸೂಚಿ ಸಿಕ್ಕ ತೊಗರಿ ನಮ್ಮದು ಅಂತ ವೇದಿಕೆ ಮೇಲೆ ಹೆಮ್ಮೆಪಡುವ ಅಭ್ಯರ್ಥಿಗಳು ಆಮದು ಸುಂಕದ ಬಗ್ಗೆ ತಮ್ಮ ನಿಲುವೇನು ಅಂತ ಹೇಳಿದ್ದನ್ನು ನಾನು ಕೇಳಿದ್ದು ಬಹಳ ಕಡಿಮೆ.

ಮೊಬೈಲ್ ಪಾವತಿಯ (ಯುಪಿಐ) ವಹಿವಾಟು ನೋಡಿ 2025ರ ಜುಲೈನಲ್ಲಿ ಸಣ್ಣ ಅಂಗಡಿಯವರಿಗೆ ಬಂದ ಜಿಎಸ್‌ಟಿ ನೋಟಿಸ್‌ಗಳ ಗಲಾಟೆಯಲ್ಲೂ ಮುಂಚೆ ಹೇಳದ ಇದೇ ತಪ್ಪು ಆಯಿತು. ಹೆದರಿದ ಅಂಗಡಿಯವರು ಸ್ಕ್ಯಾನರ್ ಕಿತ್ತು ನಗದಿಗೆ ಹೋದರು. ವಿಷಯ ಸರಳ. ಸರಕು ಮಾರುವವನಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವನಿಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಬೇಕು. ಹಾಲು, ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಒಂದೂವರೆ ಕೋಟಿವರೆಗಿನ ವ್ಯಾಪಾರಿ ರಾಜಿ ತೆರಿಗೆ ಪದ್ಧತಿಯಲ್ಲಿ ವಹಿವಾಟಿನ ಶೇ 1 ಕಟ್ಟಿ ನಿಶ್ಚಿಂತೆಯಿಂದ ಇರಬಹುದು. ಇಷ್ಟನ್ನು ಮೊದಲೇ ಬೀದಿಗೆ ಬಂದು ಹೇಳಿದ್ದರೆ ಸಾಕಿತ್ತು. ಅದು ಬಿಟ್ಟು ಜಿಎಸ್‌ಟಿ ಕೇಂದ್ರದ್ದು ಅಂತ ರಾಜ್ಯದವರು, ನೋಟಿಸ್ ರಾಜ್ಯದ್ದು ಅಂತ ಕೇಂದ್ರದವರು. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರಕ್ಕೆ ಮೂರನೇ ಒಂದು, ರಾಜ್ಯಗಳಿಗೆ ಮೂರನೇ ಎರಡು ಪಾಲು ಮತಬಲ ಇದೆ. ಹೊಣೆಯೂ ಹಾಗೇ ಇಬ್ಬರದು.

ಚುನಾವಣೆ ಘೋಷಣೆಯಾದರೆ ಗಂಜ್‌ನವರಿಗೆ ಇನ್ನೊಂದು ತಾಪತ್ರಯ. ಸೂಕ್ತ ದಾಖಲೆ ಇಲ್ಲದೆ 50,000ಕ್ಕಿಂತ ಜಾಸ್ತಿ ನಗದು ಒಯ್ದರೆ ಚೆಕ್‌ಪೋಸ್ಟ್‌ನಲ್ಲಿ ಹಿಡಿಯುತ್ತಾರೆ. ತೊಗರಿ ಮಾರಿ ಊರಿಗೆ ಹೋಗುವ ರೈತ ಅಡತ್ ಅಂಗಡಿಯ ಮಾರಾಟದ ಪಟ್ಟಿಯನ್ನು ಜೇಬಲ್ಲೇ ಇಟ್ಟುಕೊಳ್ಳಬೇಕು. ಬ್ಯಾಂಕಿನಿಂದ ತೆಗೆದಿದ್ದರೆ ಚೀಟಿ ಅಥವಾ ಪಾಸ್‌ಬುಕ್ ನಕಲು ಇರಲಿ. ಹಿಡಿದರೂ ಗಾಬರಿ ಬೇಡ. ಜಪ್ತಿ ರಸೀದಿ ಕೇಳಿ ತಗೊಳ್ಳಿ. ಅಭ್ಯರ್ಥಿಗೂ ಪಕ್ಷಕ್ಕೂ ಸಂಬಂಧವಿಲ್ಲದ ಹಣವನ್ನು ಬಿಡುಗಡೆ ಮಾಡಲು ಜಿಲ್ಲಾ ಮಟ್ಟದ ಸಮಿತಿ ಇದೆ. ಈ ನಿಯಮದಿಂದ ಬಡವನಿಗೆ ತೊಂದರೆ ಆಗುತ್ತದೆ, ನಿಜ. ಆದರೂ ನಾನು ಇದರ ಪರ. ಓಟಿಗೆ ನೋಟು ಹಂಚುವುದಕ್ಕಿಂತ ದೊಡ್ಡ ತೆರಿಗೆ ಈ ಜಿಲ್ಲೆಯ ಮೇಲೆ ಬೇರೊಂದಿಲ್ಲ. ಹಂಚಿದವನು ಐದು ವರ್ಷ ಕಾಮಗಾರಿಗಳಲ್ಲಿ ಅದನ್ನು ವಸೂಲು ಮಾಡುತ್ತಾನೆ.

ಪಗಾರದವರಿಗೆ ಒಂದು ಮಾತು. ಹೆಸರೇ ಕೇಳದ ಪಕ್ಷಕ್ಕೆ ದೇಣಿಗೆ ಕೊಟ್ಟಂತೆ ತೋರಿಸಿ, ಕಮಿಷನ್ ಮುರಿದು ಹಣ ವಾಪಸ್ ಪಡೆದು, ಆದಾಯ ತೆರಿಗೆಯ 80ಜಿಜಿಸಿ ವಿನಾಯಿತಿ ಹಾಕಿಕೊಡುವ ದಲ್ಲಾಳಿಗಳಿದ್ದಾರೆ. ಇಲಾಖೆ ಇವುಗಳ ಬೆನ್ನು ಹತ್ತಿ ನೋಟಿಸ್ ಕೊಟ್ಟಿದೆ. ಅದು ಕಳ್ಳತನ. ಅದಕ್ಕೆ ನನ್ನ ಆಫೀಸಿಗೆ ಬರಬೇಡಿ.

2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಈ ನಡುವೆ ಎರಡು ಪಕ್ಷಗಳ ಸರ್ಕಾರಗಳನ್ನು ಕಂಡೆವು. ಊರ ಹಣ ಊರವರ ಕಣ್ಣೆದುರು ಖರ್ಚಾಗಬೇಕು ಅನ್ನುವುದು ನಮ್ಮಂಥ ಹಳೆ ಪದ್ಧತಿಯವರ ಮೊದಲ ಬೇಡಿಕೆ ಆಗಬೇಕಿತ್ತು. ನಾವೂ ಸುಮ್ನೆ ಕೂತೆವು. 2025-26ರಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ಅಂತ ಘೋಷಣೆ ಆಯಿತು. ಸಂವಿಧಾನದ 371(ಜೆ) ವಿಧಿ ನಮಗೆ ಕೊಟ್ಟ ಹಕ್ಕು ಅದು, ಭಿಕ್ಷೆ ಅಲ್ಲ. ಆದರೆ ಪ್ರಚಾರಕ್ಕೆ ಬಂದವರನ್ನು ಎಷ್ಟು ಘೋಷಿಸಿದಿರಿ ಅಂತ ಕೇಳಬೇಡಿ. ನಮ್ಮ ತಾಲ್ಲೂಕಿನಲ್ಲಿ ಎಷ್ಟು ಖರ್ಚಾಯಿತು, ಯಾವ ಕಾಮಗಾರಿ ಮುಗಿಯಿತು ಅಂತ ಕೇಳಿ.

ಇನ್ನು ಓದುವ ಕೆಲಸ. ವಿಧಾನಸಭೆ, ಲೋಕಸಭೆಗೆ ನಿಲ್ಲುವ ಪ್ರತಿ ಅಭ್ಯರ್ಥಿ ನಮೂನೆ 26ರಲ್ಲಿ ಪ್ರಮಾಣಪತ್ರ (ಅಫಿಡವಿಟ್) ಕೊಡಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಅದು ಸಿಗುತ್ತದೆ. ನಾನು ಮೊದಲು ನೋಡುವುದು ಐದು ವರ್ಷಗಳ ಆದಾಯದ ಕೋಷ್ಟಕ, ಆಮೇಲೆ ಆಸ್ತಿ. ಹೋದ ಸಲದ ಪ್ರಮಾಣಪತ್ರ ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ತೋರಿಸಿದ ಆದಾಯದಲ್ಲಿ ಅಷ್ಟು ಆಸ್ತಿ ಬೆಳೆಯಲು ಸಾಧ್ಯವೇ? ಕೃಷಿ ಆದಾಯ ಅಂತ ತೋರಿಸಿದ್ದರೆ, ಅಷ್ಟು ಎಕರೆಯಲ್ಲಿ ಅಷ್ಟು ಬರುತ್ತದಾ? ಒಣ ಬೇಸಾಯದ ನಮ್ಮ ನೆಲದಲ್ಲಿ ಎಕರೆಗೆ ಎಷ್ಟು ತೊಗರಿ ಬರುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೊನೆಗೆ ಸರ್ಕಾರಿ ಬಾಕಿಗಳ ಕಾಲಂ. ಮನೆ ಕರ, ನೀರಿನ ಬಿಲ್ ಬಾಕಿ ಇಟ್ಟವನು ನನ್ನ ತೆರಿಗೆಯನ್ನು ಕಾಯುತ್ತಾನೆ ಅಂತ ನಾನು ನಂಬಲಾರೆ.

ಗೆದ್ದವರೂ ಸೋತವರೂ ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ನಮ್ಮ ರಾಜ್ಯದಲ್ಲಿ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ನಿಮ್ಮೂರಲ್ಲಿ ನಡೆದ ಸಭೆ, ಹಾಕಿದ ಶಾಮಿಯಾನ, ಓಡಿದ ಗಾಡಿ ಆ ಲೆಕ್ಕದಲ್ಲಿ ಇದೆಯಾ ಅಂತ ಯಾರು ಬೇಕಾದರೂ ಜಿಲ್ಲಾ ಚುನಾವಣಾಧಿಕಾರಿ ಕಚೇರಿಗೆ ಹೋಗಿ ನೋಡಬಹುದು. ನಿಯಮದಲ್ಲಿ ಬರೆದಿರುವ ಶುಲ್ಕ 1 ರೂಪಾಯಿ.